ಬೂದಿ ತಟ್ಟೆ ಖಾಲಿ ಮಾಡಿದರೆ ಸಾಕಂತೆ!

ನಿನ್ನೆ ರಾತ್ರಿ ಮತ್ತೆ ನಮ್ಮ ಪೆಲೆಟ್ ಸ್ಟೌ, ಅಂದರೆ ಮರದ ಪುಡಿ ಒತ್ತಿ ಮಾಡಿದ ಪುಟ್ಟ ಉಂಡೆಗಳನ್ನು (ಪೆಲೆಟ್) ಉರಿಸಿ ಮನೆ ಬೆಚ್ಚಗಿಡುವ ಒಲೆ, ಅಲಾರಂ ಬಡಿದುಕೊಂಡು ಆರಿಹೋಯಿತು. ಈ ತಿಂಗಳಲ್ಲಿ ಮೂರನೇ ಸಲ. ಎದ್ದು ನೋಡಿದರೆ ಅದೇ ದೋಷದ ಸಂಖ್ಯೆ ಮಿನುಗುತ್ತಿದೆ. ಮನೆಯೆಲ್ಲ ಕೊರೆಯುವ ಚಳಿ, ಮಕ್ಕಳು ಹೊದಿಕೆಯೊಳಗೆ ಮುದುರಿಕೊಂಡಿದ್ದಾರೆ. ಸಿಟ್ಟಿಗೆ ಅಳುವೇ ಬಂತು.

ನಾನೇನು ಒಲೆಯನ್ನು ಹಾಗೇ ಬಿಟ್ಟವಳಲ್ಲ. ದಿನಾ ಬೆಳಿಗ್ಗೆ ಪೆಲೆಟ್ ಬಿದ್ದು ಉರಿಯುವ ಉರಿಬಟ್ಟಲು ಕೆರೆಯುತ್ತೇನೆ. ಅದರ ತೂತುಗಳಿಗೆ ಅಂಟಿದ ಕಿಟ್ಟ ಕೀಳುತ್ತೇನೆ. ಗಾಜು ಒರೆಸುತ್ತೇನೆ, ಬೂದಿ ತಟ್ಟೆ ಖಾಲಿ ಮಾಡುತ್ತೇನೆ. ಕೈಪಿಡಿಯಲ್ಲಿ ಚಿತ್ರ ಹಾಕಿ ತೋರಿಸಿದ್ದು ಇಷ್ಟೇ. ಆದರೂ ಉರಿ ಸರಿಯಿಲ್ಲ. ಚುರುಕಾಗಿ ಏಳಬೇಕಾದ ಉರಿ ಕೆಂಪಗೆ, ಮಂಕಾಗಿ ತೂಗಾಡುತ್ತದೆ. ಬೆಳಿಗ್ಗೆ ಒರೆಸಿದ ಗಾಜು ಸಂಜೆಗೆ ಮಸಿ. ಒಳಗೆ ಗಾಳಿ ಸಾಲುತ್ತಿಲ್ಲ ಅನ್ನೋದಕ್ಕೆ ಇನ್ನೇನು ಗುರುತು ಬೇಕು?

ರಿಪೇರಿಯವರು ಬಂದರು. ಬಾಗಿಲು ತೆಗೆದು ಇಣುಕಿದರು. ಒಳಗಿನ ಗಾಳಿಯ ಸೆಳೆತ ನೋಡುವ ಪ್ರೆಶರ್ ಸ್ವಿಚ್ ಹೋಗಿದೆ ಅಂದರು, ಬದಲಾಯಿಸಿದರು. ನಾಲ್ಕೇ ದಿನಕ್ಕೆ ಮತ್ತೆ ಅದೇ ಗೋಳು. ಎರಡನೇ ಸಲ ಬಂದು ಇಗ್ನೈಟರ್ ಬದಲಾಯಿಸಿದರು. ಒಲೆ ಹೊತ್ತಿಕೊಳ್ಳುತ್ತಿತ್ತು ಕಣ್ರೀ! ಚೆನ್ನಾಗಿ ಹೊತ್ತಿಕೊಂಡು, ಗಂಟೆಗಟ್ಟಲೆ ಉರಿದು, ಆಮೇಲೆ ಆರುತ್ತಿತ್ತು. ಹೊತ್ತಿಸುವ ಭಾಗಕ್ಕೂ ಇದಕ್ಕೂ ಏನು ಸಂಬಂಧ? ಎರಡು ಸಲವೂ ದುಡ್ಡು ಕೊಟ್ಟೆ. ಎರಡು ಸಲವೂ ಯಾರೂ ಒಲೆಯ ಹಿಂದಿನ ಹಲಗೆ ಬಿಚ್ಚಲಿಲ್ಲ.

ಇವತ್ತು ನಾನೇ ಬಿಚ್ಚಿದೆ. ಪ್ಲಗ್ ಕಿತ್ತು, ಒಲೆ ಪೂರ್ತಿ ತಣ್ಣಗಾಗುವವರೆಗೆ ಕಾದು, ಉರಿಯುವ ಗೂಡಿನ ಹಿಂಬದಿಯ ಹಲಗೆ ಎಳೆದೆ. ದಬದಬ ಅಂತ ಬೂದಿ ಸುರಿಯಿತು. ಹೊಗೆ ಹೋಗುವ ದಾರಿಗೆ ಬೆರಳು ಹಾಕಿದರೆ ಗೆಣ್ಣಿನವರೆಗೂ ಬೂದಿ. ಹಿಟ್ಟಿನಷ್ಟು ನುಣ್ಣಗೆ, ಒತ್ತಿ ತುಂಬಿಟ್ಟ ಹಾಗೆ. ಹೊರಗಿನ ಕೊಳವೆಯ ಕೆಳಮೂತಿಯ ಮುಚ್ಚಳ ತೆಗೆದರೆ ಅಲ್ಲೂ ಅದೇ ಕಥೆ. ಸ್ವಿಚ್‌ಗೆ ಹೋಗುವ ಸಣ್ಣ ರಬ್ಬರ್ ನಳಿಗೆಯ ತುದಿಯಲ್ಲಿ, ಒಲೆಗೆ ಸಿಕ್ಕಿಸುವ ಜಾಗದಲ್ಲಿ, ಒಂದು ಪುಟಾಣಿ ತೂತು. ಅದೂ ಮುಚ್ಚಿಹೋಗಿತ್ತು. ಪಿನ್ನು ಚುಚ್ಚಿ ತಿರುಗಿಸಿದೆ, ಕಡಲೆ ಕಾಳಿನಷ್ಟು ಮಸಿ ಉದುರಿತು.

ಹೊಗೆಯನ್ನು ಹೊರಗೆಳೆಯುವ ಫ್ಯಾನಿನ ಸೆಳೆತ ಸಾಕಷ್ಟಿದೆಯಾ ಅಂತ ನೋಡೋದೇ ಆ ಸ್ವಿಚ್ಚಿನ ಕೆಲಸ. ಸೆಳೆತ ಸಾಲದಿದ್ದರೆ ಪೆಲೆಟ್ ಬೀಳೋದನ್ನು ನಿಲ್ಲಿಸುತ್ತದೆ. ಇಲ್ಲದಿದ್ದರೆ ಹೊಗೆ, ಅದರ ಜೊತೆಗೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತಿರುಗಬಹುದು. ನಮ್ಮನ್ನು ಕಾಯುತ್ತಿದ್ದ ಭಾಗವನ್ನೇ ಕೆಟ್ಟಿದೆ ಅಂತ ಕಿತ್ತರಲ್ಲ, ಅದು ನನಗೆ ತಡೆಯೋಕಾಗ್ತಿಲ್ಲ.

ಇನ್ನು ಮಾರುವವರು. ಬೂದಿ ಕ್ಲೀನ್ ಮಾಡೋಕೆ ಮನೆಯ ವ್ಯಾಕ್ಯೂಮ್ ಸಾಕು ಅಂದಿದ್ದರು. ಸಾಲೋದಿಲ್ಲ. ಆ ನುಣುಪು ಬೂದಿ ಫಿಲ್ಟರ್ ದಾಟಿ ಕೋಣೆಗೇ ವಾಪಸ್ ಬರುತ್ತದೆ. ಬೂದಿಯೊಳಗೆ ಒಂದು ಕೆಂಡ ಅಡಗಿದ್ದರೆ ವ್ಯಾಕ್ಯೂಮೇ ಹೊತ್ತಿಕೊಳ್ಳಬಹುದು. ಬೂದಿಗೆ ಅಂತಲೇ ಬೇರೆ ವ್ಯಾಕ್ಯೂಮ್ ಇದೆ ಅಂತ ಮೊದಲೇ ಹೇಳಿದ್ದರೆ ಗಂಟೇನು ಹೋಗ್ತಿತ್ತು? ಪೆಲೆಟ್ ಚೀಲದ ತಳದಲ್ಲಿ ಬೊಗಸೆಗಟ್ಟಲೆ ಮರದ ಪುಡಿ ಇರೋದನ್ನೂ ಅವರು ಹೇಳಲ್ಲ. ಈಗ ನಾನು ಜರಡಿ ಹಿಡಿದೇ ಹಾಕ್ತಿದ್ದೀನಿ.

ಮಧ್ಯಾಹ್ನದಿಂದ ಒಲೆ ಉರಿಯುತ್ತಿದೆ. ಗಾಜು ಇನ್ನೂ ತಿಳಿಯಾಗಿದೆ. ಅವರು ಕಿತ್ತು ಬಿಟ್ಟುಹೋದ ಹಳೇ ಸ್ವಿಚ್ ಮೇಜಿನ ಮೇಲಿತ್ತು. ನಳಿಗೆ ಸಿಕ್ಕಿಸಿ ಬಾಯಿಂದ ಮೆಲ್ಲಗೆ ಗಾಳಿ ಎಳೆದೆ. ಟಿಕ್ ಅಂತು. ಬಿಟ್ಟೆ, ಮತ್ತೆ ಟಿಕ್. ಅದಕ್ಕೆ ಏನೂ ಆಗಿರಲೇ ಇಲ್ಲ.