40 ಮಿ.ಮೀ. ಐಪೀಸ್ ಹಾಕಿದರೆ ಆಕಾಶ ಜಾಸ್ತಿ ಕಾಣುವುದಿಲ್ಲ

ಟೆಲಿಸ್ಕೋಪಿನ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಬಗ್ಗೆ "ಅಗಲವಾದ ನೋಟ ಬೇಕಿದ್ದರೆ ಒಂದೂಕಾಲು ಇಂಚಿನ 40 ಮಿ.ಮೀ. ಐಪೀಸ್ ಕೊಳ್ಳಿ" ಎಂದು ಬರೆದಿದ್ದೀರಿ. ಇಂಚು ಅದರ ಕೊಳವೆಯ ಅಗಲ, ಮಿ.ಮೀ. ಅದರ ಫೋಕಲ್ ಲೆಂತ್; ಇದು ಹೆಚ್ಚಿದಷ್ಟೂ ವರ್ಧನೆ ಕಡಿಮೆ. ಇದೊಂದು ಮಾತು ಒಪ್ಪಲಾರೆ. ಒಂದೂಕಾಲು ಇಂಚಿನ ಕೊಳವೆಯೊಳಗೆ ಫೀಲ್ಡ್ ಸ್ಟಾಪ್ (ಎಷ್ಟು ಆಕಾಶ ಕಾಣಬೇಕೆಂದು ಮಿತಿ ಹಾಕುವ ಉಂಗುರ) ಸುಮಾರು 27 ಮಿ.ಮೀ.ಗಿಂತ ದೊಡ್ಡದಾಗಲು ಜಾಗವೇ ಇಲ್ಲ. 32 ಮಿ.ಮೀ. ಪ್ಲಾಸಲ್ ಎಂಬ ಬಗೆಯ ಐಪೀಸಿನಲ್ಲೇ ಆ ಮಿತಿ ಮುಟ್ಟಿಯಾಗಿರುತ್ತದೆ. 40ಕ್ಕೆ ಹೋದರೆ ಅಷ್ಟೇ ಆಕಾಶ ಇನ್ನೂ ಚಿಕ್ಕ ಕಿಂಡಿಯಲ್ಲಿ ಕಾಣುತ್ತದೆ, ಅಷ್ಟೆ. ಸುಮ್ನೆ ದುಡ್ಡು ದಂಡ.

ನನ್ನದು 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್, ಅದರ ಫೋಕಲ್ ಲೆಂತ್ 1200 ಮಿ.ಮೀ. ಮೈಸೂರಿನ ಕುವೆಂಪುನಗರದಲ್ಲಿ ಮನೆಯ ತಾರಸಿಯಿಂದ ನೋಡುತ್ತೇನೆ. ದೀಪಗಳ ಬೆಳಕಿಗೆ ಇಲ್ಲಿ ಆಕಾಶವೇ ಬೂದು ಬಣ್ಣ. ದಸರಾ ದಿನಗಳಲ್ಲಂತೂ ಕೇಳಲೇಬೇಡಿ. 32ರಲ್ಲಿ ಆ ಬೂದು ಕಣ್ಣಿಗೆ ರಾಚುತ್ತಿತ್ತು. ಆಮೇಲೆ 24 ಮಿ.ಮೀ., ಕಣ್ಣಿಗೆ 68 ಡಿಗ್ರಿ ಅಗಲದ ಕಿಂಡಿ ತೋರುವ ಐಪೀಸ್ ಹಾಕಿದೆ. ಕಾಣುವ ಆಕಾಶ ಹೆಚ್ಚುಕಡಿಮೆ ಅಷ್ಟೇ, 1.3 ಡಿಗ್ರಿ. ಆದರೆ ವರ್ಧನೆ 37ರಿಂದ 50ಕ್ಕೆ ಏರಿತು. ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ಕಂತೆ 5.3 ಮಿ.ಮೀ.ಯಿಂದ 4ಕ್ಕೆ ಇಳಿಯಿತು, ಹಿನ್ನೆಲೆ ಕಪ್ಪಾಯಿತು. ಅಂಚಿನಲ್ಲಿ ನಕ್ಷತ್ರಗಳು ಸ್ವಲ್ಪ ಎಳೆದಂತೆ ಕಾಣುತ್ತವೆ, ನಿಜ. ಆದರೂ ಪರ್ಸಿಯಸ್ ನಕ್ಷತ್ರಪುಂಜದ ಜೋಡಿ ನಕ್ಷತ್ರಗುಚ್ಛವನ್ನು ಅದರಲ್ಲಿ ನೋಡಿದ ರಾತ್ರಿ ನಮ್ಮಮ್ಮ ಸ್ಟೂಲ್ ಬಿಟ್ಟು ಏಳಲೇ ಇಲ್ಲ.

ಕೃತ್ತಿಕೆ ಪೂರ್ತಿ ಒಟ್ಟಿಗೆ ಕಾಣಬೇಕು ಅನ್ನುವವರಿಗೆ 2 ಇಂಚಿನ ಐಪೀಸೇ ಬೇಕು. ಈ ಟೆಲಿಸ್ಕೋಪಿನಲ್ಲಿ ಅದರಿಂದ 2 ಡಿಗ್ರಿ ದಾಟಬಹುದು. ಅಷ್ಟು ಖರ್ಚು ಬೇಡ ಅನ್ನಿಸಿದರೆ 10×50 ಬೈನಾಕ್ಯುಲರ್ ಹಿಡಿದು ಒಂದು ರಾತ್ರಿ ಮೇಲುಕೋಟೆ ಕಡೆ ಹೋಗಿ ಬನ್ನಿ.