ನೃಪತುಂಗ ಬೆಟ್ಟ ಹತ್ತಿಸಿ ನೋಡಿ

ಐವತ್ತು ಹಾರ್ಸ್‌ಪವರ್ ಕೂಡ ಇಲ್ಲದ ಕಾರು ಊರೊಳಗಷ್ಟೇ ಸರಿ ಅಂತ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನನ್ನದೂ ಅಂಥದ್ದೇ, ಹಳೇ ಆಲ್ಟೋ 800, 796 ಸಿಸಿಯ ಪುಟ್ಟ ಎಂಜಿನ್. ಹುಬ್ಬಳ್ಳಿ-ಧಾರವಾಡ ದಿನಾ ಓಡಾಡುತ್ತೇನೆ, ಒಬ್ಬನೇ ಇದ್ದರೆ ಏನೂ ತೊಂದರೆಯಿಲ್ಲ. ಆದರೆ ಅದರ 69 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗುವುದು 3500 ಆರ್‌ಪಿಎಂಗೆ, ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ. ಹಾಗಾಗಿ ಅಂಕೋಲಾದಿಂದ ವಾಪಸ್ ಬರುವಾಗ, ಐದು ಜನ, ಮೇಲೆ ಎಸಿ ಬೇರೆ, ಅರಬೈಲ್ ಘಟ್ಟದಲ್ಲಿ ಸೆಕೆಂಡ್ ಗೇರಿಗೆ ಇಳಿಸಿ ಎಂಜಿನ್ ಸುತ್ತು ಏರಿಸಲೇಬೇಕು. ಮೂರನೇ ಗೇರಲ್ಲೇ ಎಳೆದರೆ ಎಂಜಿನ್ ನಡುಗುತ್ತದೆ. ಆಮೇಲೆ ದಮ್ಮಿಲ್ಲ ಅಂತ ಸುಮ್ನೆ ಕಾರನ್ನು ಬೈಯುತ್ತೇವೆ, ಅಲ್ವಾ? ಏರಿನಲ್ಲಿ ಲಾರಿ ಓವರ್‌ಟೇಕ್ ಮಾಡುವ ಆಸೆ ಮಾತ್ರ ಬಿಡಬೇಕು, ಅದು ನಿಜ. ಕೊಳ್ಳುವವರು ಸಪಾಟು ರಸ್ತೆಯ ಟೆಸ್ಟ್ ಡ್ರೈವ್ ನಂಬಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರು ಹತ್ತಿಸಿ.