ಇಪ್ಪತ್ತೆರಡೂವರೆ ನಿಮಿಷದ ಮೇಷ್ಟ್ರು

ಶಾಲೆಯ ಟಿವಿಗೆ ಸಾಮಾನ್ಯವಾಗಿ ಮೂರು ಬೀಗಗಳಿರುತ್ತವೆ. ಒಂದು ಕೋಣೆಯ ಬಾಗಿಲಿಗೆ, ಒಂದು ಟಿವಿ ಕೂತಿರುವ ಕಬ್ಬಿಣದ ಪೆಟ್ಟಿಗೆಗೆ, ಇನ್ನೊಂದು ರಿಮೋಟನ್ನು ಜೋಪಾನವಾಗಿಟ್ಟಿರುವ ಮೇಜಿನ ಖಾನೆಗೆ. ಮೊದಲನೆಯ ಕೀಲಿ ಮುಖ್ಯೋಪಾಧ್ಯಾಯರ ಬಳಿ ಇರುತ್ತದೆ, ಎರಡನೆಯದು ಗುಮಾಸ್ತರ ಬಳಿ. ಮೂರನೆಯದು ತಮ್ಮ ಬಳಿ ಇಲ್ಲವೆಂದು ಇಬ್ಬರೂ ಪ್ರಮಾಣ ಮಾಡಿ ಹೇಳುತ್ತಾರೆ. ಹೃದಯವು ರಕ್ತವನ್ನು ಹೇಗೆ ನೂಕುತ್ತದೆ ಎಂಬುದನ್ನು ಮಕ್ಕಳಿಗೆ ನಾಲ್ಕೇ ನಾಲ್ಕು ನಿಮಿಷ ತೋರಿಸಬೇಕೆಂದು ಹೊರಟ ವಿಜ್ಞಾನದ ಶಿಕ್ಷಕಿಯೊಬ್ಬರು ಈ ಮೂರು ಬೀಗಗಳನ್ನು ದಾಟುವಷ್ಟರಲ್ಲಿ ಅವರ ಸ್ವಂತ ಹೃದಯ ಎಷ್ಟು ವೇಗದಲ್ಲಿ ನೂಕುತ್ತಿರುತ್ತದೆ ಎಂಬುದು ಬೇರೆಯೇ ಒಂದು ಪಾಠ.

ಪೆಟ್ಟಿಗೆ ತೆರೆದ ಮೇಲೆ ವಹಿ ತೆರೆಯಬೇಕು. ದಿನಾಂಕ, ತರಗತಿ, ಹಾಜರಿದ್ದ ಮಕ್ಕಳ ಸಂಖ್ಯೆ, ಟಿವಿ ಹಾಕಿದ ಹೊತ್ತು, ಆರಿಸಿದ ಹೊತ್ತು, ಸಹಿ ಎಂದು ವಹಿಯಲ್ಲಿ ಆರು ಕಲಂಗಳಿವೆ. ಏನನ್ನು ನೋಡಿದರು ಎಂಬುದಕ್ಕೆ ಕಲಂ ಇಲ್ಲ. ನೋಡಿದ್ದು ತಲೆಗೆ ಹೋಯಿತೇ ಎಂಬ ಅಧಿಕಪ್ರಸಂಗದ ಪ್ರಶ್ನೆಗಂತೂ ಇಲ್ಲವೇ ಇಲ್ಲ. ತಪಾಸಣೆಗೆ ಬರುವ ಅಧಿಕಾರಿ ಮೊದಲು ಮುಟ್ಟಿ ನೋಡುವುದು ತೆರೆಯ ಮೇಲೆ ಕಾರ್ಖಾನೆಯವರೇ ಅಂಟಿಸಿ ಕಳಿಸಿದ ಪ್ಲಾಸ್ಟಿಕ್ ಹಾಳೆಯನ್ನು. ಹಾಳೆ ಹರಿಯದೆ ಇದ್ದರೆ "ಉಪಕರಣವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲಾಗಿದೆ" ಎಂದು ಷರಾ ಬರೆದು ಹೋಗುತ್ತಾರೆ. ಟಿವಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಅತ್ಯಂತ ಖಚಿತವಾದ ಉಪಾಯವೆಂದರೆ ಅದನ್ನು ಹಾಕದೇ ಇರುವುದು ಎಂಬ ಸತ್ಯವನ್ನು ಶಾಲೆಗಳು ಬಹಳ ಬೇಗ ಕಂಡುಕೊಂಡವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೋಷ ಕಾರ್ಯಕ್ರಮಗಳದ್ದಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ವಾಹಿನಿಗಳು ಮಕ್ಕಳಿಗಾಗಿ ತಯಾರಿಸಿದ ಕಾರ್ಯಕ್ರಮಗಳಲ್ಲಿ ನಿಜಕ್ಕೂ ಒಳ್ಳೆಯವು ಇವೆ. ಅಲ್ಲಿ ಹಿಮನದಿ ಜಾರುವುದನ್ನು, ಬೀಜ ಬಿರಿಯುವುದನ್ನು, ಕಪ್ಪೆಯ ಮೊಟ್ಟೆಯೊಳಗೆ ಬಾಲ ಅಲುಗುವುದನ್ನು ಯಾವ ಶಿಕ್ಷಕರೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಲಾಗದಷ್ಟು ಚೆನ್ನಾಗಿ ತೋರಿಸುತ್ತಾರೆ, ನಡುವೆ ಸೋಪಿನ ಜಾಹೀರಾತೂ ಬರುವುದಿಲ್ಲ. ಕಾರ್ಯಕ್ರಮ ಮಾಡಿದವರಿಗೆ ಮಗು ಗೊತ್ತು. ತರಗತಿಯಲ್ಲಿ ನಿಂತವರಿಗೆ ಮಗು ಗೊತ್ತು. ಇವರಿಬ್ಬರ ನಡುವೆ ಕೂತು ಅದನ್ನು ತಲುಪಿಸುವ ಏರ್ಪಾಡು ಮಾಡಿದವರಿಗೆ ಮಾತ್ರ ಆರಂಭದಿಂದಲೂ ಒಂದು ಗುಮಾನಿ ಕಾಡುತ್ತಿದೆ: ಈ ಶಿಕ್ಷಕರು ಎಲ್ಲಾದರೂ ಅಡ್ಡ ಬಂದಾರು ಎಂದು.

ಅಡ್ಡ ಬಾರದಂತೆ ನೋಡಿಕೊಳ್ಳಲು ಮನುಷ್ಯರು ಎಷ್ಟು ಎತ್ತರಕ್ಕೆ ಹೋದರು ಎಂಬುದಕ್ಕೆ ಅಳತೆಯೇ ಇದೆ: 23,000 ಅಡಿ. 1961ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಡಿಸಿ-6 ವಿಮಾನಗಳು ಮೇಲೇರಿ, ಮಾಂಟ್‌ಪೀಲಿಯರ್ ಎಂಬ ಸಣ್ಣ ಊರಿನ ಮೇಲೆ ಗಂಟೆಗಟ್ಟಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತುತ್ತಾ, ಹೊಟ್ಟೆಯಿಂದ ಆಂಟೆನಾ ಇಳಿಬಿಟ್ಟುಕೊಂಡು, ಒಳಗಿದ್ದ ಟೇಪುಗಳ ಪಾಠವನ್ನು ಕೆಳಗಿನ ಆರು ರಾಜ್ಯಗಳ ಶಾಲೆಗಳಿಗೆ ಬಿತ್ತರಿಸುತ್ತಿದ್ದವು. ಫೋರ್ಡ್ ಪ್ರತಿಷ್ಠಾನದ ಹಣ ಇದರ ಹಿಂದಿತ್ತು. ಎತ್ತರಕ್ಕೆ ಹೋದಷ್ಟೂ ಸಂಕೇತ ದೂರ ಹರಡುತ್ತದೆ ಎಂಬ ಎಂಜಿನಿಯರುಗಳ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕೆಳಗಿನ ತರಗತಿಯಲ್ಲಿ ಮೂರನೆಯ ಬೆಂಚಿನ ಹುಡುಗ "ಅರ್ಥವಾಗಲಿಲ್ಲ" ಎಂದು ಕೈಯೆತ್ತಿದರೆ, ಆ ಕೈ ಮೇಷ್ಟ್ರಿಗೆ ಕಾಣಲು 23,000 ಅಡಿ ಉದ್ದವಿರಬೇಕಿತ್ತು. ಅಷ್ಟು ಉದ್ದದ ಕೈ ಯಾರಿಗೂ ಬೆಳೆಯಲಿಲ್ಲ. 1968ರ ಹೊತ್ತಿಗೆ ವಿಮಾನಗಳು ಕೆಳಗಿಳಿದವು.

ಅದೇ ಕಾಲದಲ್ಲಿ ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾದಲ್ಲಿ, 1964ರಿಂದ, ಒಂದಲ್ಲ ಎರಡಲ್ಲ ಆರು ವಾಹಿನಿಗಳ ಮೂಲಕ ಇಡೀ ದ್ವೀಪಸಮೂಹದ ಶಾಲೆಗಳಿಗೆ ಮುಖ್ಯ ಪಾಠವನ್ನೇ ಟಿವಿಯಿಂದ ಹೇಳಿಸುವ ಯೋಜನೆ ಶುರುವಾಯಿತು. ಪ್ರಸಾರದ ಗೋಪುರವಿದ್ದ ಆಲಾವ ಬೆಟ್ಟದ ತುದಿಗೆ ಹೋಗಿಬರಲು ಬಂದರಿನ ಮೇಲೆ ಅಡ್ಡಲಾಗಿ ತಂತಿ ಕಟ್ಟಿ ತೊಟ್ಟಿಲು ಗಾಡಿ ಬಿಟ್ಟಿದ್ದರು. ತಂತ್ರಜ್ಞರನ್ನು ಬೆಟ್ಟದ ಮೇಲಕ್ಕೆ ಸಾಗಿಸಲು ಇಷ್ಟು ಏರ್ಪಾಡು. ತರಗತಿಯ ಶಿಕ್ಷಕರ ಪಾಲಿಗೆ ಉಳಿದದ್ದು ಟಿವಿ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸುವ ಕೆಲಸ. ಮುಂದಿನ ದಶಕದಲ್ಲಿ ಈ ಯೋಜನೆಯೂ ಸದ್ದಿಲ್ಲದೆ ಕುಗ್ಗಿತು.

ನಮ್ಮ ಕಡೆಗೂ ಆಕಾಶದಿಂದಲೇ ಮೇಷ್ಟ್ರು ಬಂದರು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಲೆಂದು 1975ರ ಆಗಸ್ಟ್ 1ರಂದು ಆರಂಭವಾದ ಸೈಟ್ ಎಂಬ ಪ್ರಯೋಗಕ್ಕಾಗಿ ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಡ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಅವುಗಳಲ್ಲಿ ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದಂತೆ, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಬುಟ್ಟಿಗಳನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿ ನೇರವಾಗಿ ಉಪಗ್ರಹದಿಂದಲೇ ಚಿತ್ರ ಹಿಡಿದರು. ನನ್ನ ಅಭಿಪ್ರಾಯದಲ್ಲಿ ಇದು ಆ ಕಾಲಕ್ಕೆ ಬೆರಗು ಹುಟ್ಟಿಸುವ ಸಾಧನೆ, ಇದನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಆದರೆ ವೇಳಾಪಟ್ಟಿಯನ್ನು ಬಿಡಲಾಗದು. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳಿಗೆ ಸಮನಾಗಿ ಹಂಚಿದಾಗ ಕನ್ನಡದ ಮಕ್ಕಳಿಗೆ ದಕ್ಕಿದ್ದು 22.5 ನಿಮಿಷ. ಆ ಅರ್ಧ ನಿಮಿಷವನ್ನೂ ಬಿಡದೆ ಪಾಲು ಮಾಡಿದವರ ನ್ಯಾಯಬುದ್ಧಿಗೆ ಕೈ ಮುಗಿಯಬೇಕು. ಅಣ್ಣತಮ್ಮಂದಿರ ಆಸ್ತಿ ಪಾಲಿನಲ್ಲೂ ಇಷ್ಟು ನಿಖರತೆ ಕಾಣುವುದಿಲ್ಲ.

1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಕಡ ಕೊಟ್ಟವರು ಉಪಗ್ರಹವನ್ನು ಹಿಂದಕ್ಕೆ ಕರೆಸಿಕೊಂಡರು. ಮೇಷ್ಟ್ರುಗಳ ವರ್ಗಾವಣೆಯನ್ನು ಬೇಕಾದಷ್ಟು ಕಂಡಿದ್ದ ಹಳ್ಳಿಗಳು ಉಪಗ್ರಹದ ವರ್ಗಾವಣೆಯನ್ನೂ ಕಂಡವು. ಅರ್ಜಿ ಕೊಟ್ಟು, ಶಾಸಕರನ್ನು ಹಿಡಿದು ತಡೆಹಿಡಿಸಲು ಸಾಧ್ಯವಾಗದ ವರ್ಗಾವಣೆ ಬಹುಶಃ ಅದೊಂದೇ ಇರಬೇಕು.

ಬ್ರಿಟನ್ನಿನ ಕಥೆ ಕೊಂಚ ಭಿನ್ನ. 1957ರಲ್ಲಿ ಅಲ್ಲಿ ಶಾಲೆಗಳಿಗೆ ಟಿವಿ ಪ್ರಸಾರ ಶುರುವಾದ ಮೇಲೆ ಬಿಬಿಸಿಯವರು ಒಂದು ಜಾಣತನದ ಕೆಲಸ ಮಾಡಿದರು: ಕಾರ್ಯಕ್ರಮಕ್ಕೆ ಮೊದಲು ತೆರೆಯ ಮೇಲೆ ಒಂದು ವೃತ್ತವನ್ನು ತೋರಿಸಿ, ಅದು ಹೋಳುಹೋಳಾಗಿ ಬದಲಾಗುತ್ತಾ ಒಂದು ನಿಮಿಷ ಕಳೆಯುವಂತೆ ಮಾಡಿದರು. ಆ ಕಾಲದ ಟಿವಿ ಬಿಸಿಯಾಗಲು ಹೊತ್ತು ಬೇಕಿತ್ತು, ಮಕ್ಕಳು ತಣ್ಣಗಾಗಲೂ ಹೊತ್ತು ಬೇಕಿತ್ತು. ತರಗತಿಯೊಳಗೆ ಒಮ್ಮೆಯಾದರೂ ಕಾಲಿಟ್ಟವರು ಮಾತ್ರ ಹೀಗೆ ಯೋಚಿಸಬಲ್ಲರು. ಆದರೆ 1990ರ ದಶಕ ಬಂದಾಗ ಅದೇ ಸಂಸ್ಥೆ ಹಲವು ಶಾಲಾ ಕಾರ್ಯಕ್ರಮಗಳನ್ನು ನಡುರಾತ್ರಿ ದಾಟಿದ ಮೇಲೆ, ದೇಶದ ಅಷ್ಟೂ ಮಕ್ಕಳು ಗೊರಕೆ ಹೊಡೆಯುವ ಹೊತ್ತಿನಲ್ಲಿ ಬಿತ್ತರಿಸತೊಡಗಿತು. ಶಿಕ್ಷಕರು ವಿಸಿಆರ್‌ನಲ್ಲಿ ಸಮಯ ಹೊಂದಿಸಿಟ್ಟು ಮಲಗಿದರೆ ಯಂತ್ರವೇ ಎದ್ದು ಮುದ್ರಿಸಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತರ್ಕ. ಕರೆಂಟು ಒಮ್ಮೆ ಹೋಗಿ ಬಂದರೆ ಸಾಕು, 12:00 ಎಂದು ಕಣ್ಣು ಮಿಟುಕಿಸುತ್ತಾ ಕೂರುತ್ತಿದ್ದ ಆ ಯಂತ್ರವನ್ನು ಕಂಡವರಿಗೆ, ಎಷ್ಟು ತರಗತಿಗಳು ಜ್ವಾಲಾಮುಖಿಯ ಬದಲು ಬೇರೇನನ್ನೋ ನೋಡಿರಬಹುದು ಎಂಬ ಊಹೆಗೆ ಹೆಚ್ಚು ಶ್ರಮ ಬೇಕಾಗದು.

ಮುದ್ರಿಸಿಕೊಳ್ಳುವ ಮಾತು ಬಂದಾಗ ನಿಜವಾದ ರಸಕವಳ ಸಿಗುವುದು ಅಮೆರಿಕದಲ್ಲೇ. ಪ್ರಸಾರವಾದ ಕಾರ್ಯಕ್ರಮವನ್ನು ಶಾಲೆಯವರು ಮುದ್ರಿಸಿಕೊಂಡು ತೋರಿಸಬಹುದೇ ಎಂಬ ಪ್ರಶ್ನೆಗೆ ನಿರ್ಮಾಪಕರೂ ಶಿಕ್ಷಕರ ಪ್ರತಿನಿಧಿಗಳೂ ಕೂತು ಚರ್ಚಿಸಿ 1981ರಲ್ಲಿ ಒಂದು ಮಾರ್ಗಸೂಚಿಗೆ ಒಪ್ಪಿದರು. ಅದು ಕಾನೂನಲ್ಲ, ಆದರೂ ಶಾಲೆಗಳು ಅದನ್ನು ಕಾನೂನಿಗಿಂತ ಹೆಚ್ಚು ಭಕ್ತಿಯಿಂದ ಪಾಲಿಸಿದವು. ಅದರ ಪ್ರಕಾರ ಟೇಪನ್ನು 45 ದಿನ ಇಟ್ಟುಕೊಳ್ಳಬಹುದು. ಆ 45 ದಿನಗಳಲ್ಲಿ ಮೊದಲ 10 ಶಾಲಾ ದಿನಗಳೊಳಗೆ ಮಕ್ಕಳಿಗೆ ಒಮ್ಮೆ ತೋರಿಸಬಹುದು. ಮನನಕ್ಕೆ ಅಗತ್ಯವಿದ್ದರೆ ಇನ್ನೊಮ್ಮೆ ತೋರಿಸಬಹುದು. ಮೂರನೆಯ ಸಲ ಕೂಡದು. ಹನ್ನೊಂದನೆಯ ಶಾಲಾ ದಿನದಿಂದ ಅದೇ ಟೇಪನ್ನು ಶಿಕ್ಷಕರು ಮಾತ್ರ, ಮುಂದೆ ಪಾಠಕ್ಕೆ ಸೇರಿಸಿಕೊಳ್ಳಬಹುದೇ ಎಂದು ಪರಿಶೀಲಿಸುವ ಉದ್ದೇಶಕ್ಕಷ್ಟೇ ನೋಡಬಹುದು. ನಲವತ್ತೈದು ಮುಗಿದ ಕೂಡಲೇ ಅಳಿಸಬೇಕು ಅಥವಾ ನಾಶಪಡಿಸಬೇಕು.

ಹನ್ನೊಂದನೆಯ ದಿನ ಜ್ವರದಿಂದ ಎದ್ದು ಶಾಲೆಗೆ ಬಂದ ಹುಡುಗಿಯನ್ನು ನೆನೆಯಿರಿ. ಮೇಜಿನ ಮೇಲೆ ಟೇಪಿದೆ, ಒಳಗೆ ಪಾಠವಿದೆ, ಎದುರಿಗೆ ಶಿಕ್ಷಕಿ ಕೂತು ಅದನ್ನು ನೋಡುತ್ತಿದ್ದಾರೆ. ಅವರು ನೋಡಬಹುದು, ಅವಳು ನೋಡಬಾರದು. ತೆರೆಯನ್ನು ಅವಳ ಕಡೆಗೆ ಎರಡು ಗೇಣು ತಿರುಗಿಸಿದರೆ ಮಾರ್ಗಸೂಚಿಯ ಉಲ್ಲಂಘನೆ. ಇಷ್ಟಕ್ಕೇ ಮುಗಿಯಲಿಲ್ಲ. ಶಿಕ್ಷಕರು ಮೊದಲೇ ಕೇಳಿಕೊಂಡಿದ್ದರೆ ಮಾತ್ರ ಮುದ್ರಿಸಿಕೊಳ್ಳಬೇಕು. ಯಾರಾದರೂ ಮುಂದೆ ಕೇಳಿಯಾರು ಎಂದು ಗ್ರಂಥಪಾಲಕರು ಮುಂದಾಲೋಚನೆ ಮಾಡುವಂತಿಲ್ಲ. ಅದೇ ಕಾರ್ಯಕ್ರಮ ಎಷ್ಟು ಸಲ ಮರುಪ್ರಸಾರವಾದರೂ ಒಬ್ಬ ಶಿಕ್ಷಕರಿಗಾಗಿ ಜೀವಮಾನದಲ್ಲಿ ಒಮ್ಮೆ ಮಾತ್ರ ಮುದ್ರಿಸಬಹುದು. ಪೂರ್ತಿ ತೋರಿಸಲೇಬೇಕೆಂದಿಲ್ಲ ಎಂಬ ಔದಾರ್ಯವನ್ನು ಅಲ್ಲಿ ತೋರಿದ್ದಾರೆ, ಆದರೆ ಬೇರೆ ಬೇರೆ ಟೇಪುಗಳಿಂದ ಒಳ್ಳೆಯ ತುಣುಕುಗಳನ್ನು ಆಯ್ದು ಒಂದೆಡೆ ಜೋಡಿಸಿಕೊಳ್ಳುವಂತಿಲ್ಲ. ಶಿಕ್ಷಕರು ಎಂಬವರು ದಿನವಿಡೀ ಮಾಡುವ ಕೆಲಸವೇ ಅದು ಎಂಬುದು ಸಮಿತಿಯಲ್ಲಿದ್ದವರಿಗೆ ಆ ಕ್ಷಣಕ್ಕೆ ಮರೆತುಹೋಗಿರಬೇಕು. ಸಾರ್ವಜನಿಕ ಟಿವಿಯ ಕೆಲವು ನಿರ್ಮಾಪಕರಿಗೆ ನಾಚಿಕೆಯಾಗಿ ತಮ್ಮ ಕಾರ್ಯಕ್ರಮಗಳಿಗೆ ಒಂದು ವರ್ಷದ ಅವಕಾಶ ಕೊಟ್ಟರು. ಜನರ ದುಡ್ಡಿನಿಂದ ಜನರ ಮಕ್ಕಳಿಗಾಗಿ ಮಾಡಿದ ಪಾಠವನ್ನು ಉಪ್ಪಿನಕಾಯಿಗಿಂತ ಬೇಗ ಎಸೆಯಬೇಕಾದ ಪರಿಸ್ಥಿತಿ ಅಲ್ಲಿಗೆ ಒಂದಿಷ್ಟು ಸುಧಾರಿಸಿತು.

ಈಗ ಟೇಪೂ ಇಲ್ಲ, ವಿಮಾನವೂ ಇಲ್ಲ. ಈಗ ಇರುವುದು ಸಂಖ್ಯೆ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಪಿಎಂ ಇ-ವಿದ್ಯಾ ಯೋಜನೆಯಡಿ 'ಒಂದು ತರಗತಿ, ಒಂದು ವಾಹಿನಿ' ಎಂದು 12 ತರಗತಿಗಳಿಗೆ 12 ವಾಹಿನಿಗಳನ್ನು ಘೋಷಿಸಿದರು. ಬಾಗಿಲು ಮುಚ್ಚಿದ ಕಾಲಕ್ಕೆ ಅದು ತಕ್ಕ ಏರ್ಪಾಡೇ. ಬಾಗಿಲು ತೆರೆಯುವ ಹೊತ್ತಿಗೆ, 2022ರ ಬಜೆಟ್ಟಿನಲ್ಲಿ, ಹನ್ನೆರಡನ್ನು 200 ಮಾಡುವುದಾಗಿ ಹೇಳಿದರು. ಪ್ರಾದೇಶಿಕ ಭಾಷೆಗಳಲ್ಲಿ ಕಲಿಸಲು ಹೆಚ್ಚು ವಾಹಿನಿ ಬೇಕು ಎಂಬ ಕಾರಣದಲ್ಲಿ ಹುರುಳಿದೆ, ಒಪ್ಪೋಣ. ಆದರೆ ವಾಹಿನಿ ಇನ್ನೂರಾದರೂ ಪ್ರತಿ ವಾಹಿನಿಯ ಗಡಿಯಾರ ಒಂದೇ: ಅದು ತನ್ನ ಪಾಡಿಗೆ ತಾನು ಓಡುತ್ತದೆ. ಹತ್ತನೆಯ ತರಗತಿಯ ವಾಹಿನಿಯಲ್ಲಿ ಹೃದಯದ ಪಾಠ ಬಿತ್ತರವಾಗುವ ಹೊತ್ತಿನಲ್ಲಿ ಶಾಲೆಯ ಹತ್ತನೆಯ ತರಗತಿಯಲ್ಲಿ ಇನ್ನೂ ಹಿಂದಿನ ಅಧ್ಯಾಯ ನಡೆದಿರುತ್ತದೆ, ಅಥವಾ ಅದು ಗಣಿತದ ಪೀರಿಯಡ್ ಆಗಿರುತ್ತದೆ, ಅಥವಾ ಗುಮಾಸ್ತರು ರಜೆಯಲ್ಲಿರುತ್ತಾರೆ.

ಮೂರು ಬೀಗ ದಾಟಿದ್ದ ಶಿಕ್ಷಕಿಗೆ ಇದೆಲ್ಲ ಚೆನ್ನಾಗಿ ಗೊತ್ತಿದ್ದುದರಿಂದ ಅವರು ವಾಹಿನಿಯನ್ನು ಹಾಕಲೇ ಇಲ್ಲ. ವಾಹಿನಿಯವರೇ ಅಂತರ್ಜಾಲದಲ್ಲಿ ಬಿಟ್ಟಿದ್ದ ಪಾಠದಿಂದ ತಮಗೆ ಬೇಕಾದ ನಾಲ್ಕು ನಿಮಿಷವನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. ಪ್ಲಾಸ್ಟಿಕ್ ಹಾಳೆಯ ಹಿಂದೆ ಹೃದಯವೊಂದು ಮಸುಕಾಗಿ ಮಿಡಿಯಿತು. ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಆ ಬಾಗಿಲು ಮುಚ್ಚಿಕೊಂಡರೆ ರಕ್ತ ವಾಪಸ್ ಯಾಕೆ ಬರಲ್ಲ?" ಎಂದು ಕೇಳಿದ. ಶಿಕ್ಷಕಿ ರಿಮೋಟಿನ ಗುಂಡಿಯೊತ್ತಿ ಚಿತ್ರವನ್ನು ನಿಲ್ಲಿಸಿ, ಹುಡುಗನನ್ನು ಮುಂದಕ್ಕೆ ಕರೆದು, ಹಾಳೆಯ ಮೇಲೆಯೇ ಬೆರಳಿಟ್ಟು ಕವಾಟವನ್ನು ತೋರಿಸತೊಡಗಿದರು. ಚಿತ್ರ ನಿಂತೇ ಇತ್ತು, ಮಕ್ಕಳು ಮಾತ್ರ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು.

ಬಾಗಿಲಲ್ಲಿ ವಹಿ ಹಿಡಿದು ನಿಂತಿದ್ದ ಗುಮಾಸ್ತರು ಹತ್ತು ನಿಮಿಷ ಕಾದರು. ಆಮೇಲೆ ತಡೆಯಲಾರದೆ ಒಳಗೆ ಬಂದು, "ಮೇಡಂ, ತಪ್ಪು ತಿಳಿಯಬೇಡಿ. ತಾವು ನಿಲ್ಲಿಸಿದ್ದೀರಿ, ಆದರೆ ಆರಿಸಿಲ್ಲ. ಇದನ್ನು ನಾನು ಯಾವ ಕಲಂನಲ್ಲಿ ಬರೆದುಕೊಳ್ಳಲಿ?" ಎಂದು ಕೇಳಿದರು.